ದಾವೆಗೆ ಮುಂಚೆ, ಡಿಕ್ರಿಯ ನಂತರ

ನಮ್ಮ ಕಡೆಯ ಒಂದು ತಾಲ್ಲೂಕು ಕೋರ್ಟಿನ ಆವರಣದಲ್ಲಿ, ಜೆರಾಕ್ಸ್ ಅಂಗಡಿಗೆ ಎದುರಾಗಿ, ಕಾನೂನು ಸೇವಾ ಸಮಿತಿಯ ಕೋಣೆಯಿದೆ. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ 15100 ಎಂಬ ಸಹಾಯವಾಣಿ ಸಂಖ್ಯೆಯ ಫಲಕ. ಒಂದು ಬೆಳಿಗ್ಗೆ ನಾನು ಅಲ್ಲಿ ಕೂತಿದ್ದಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಸುತ್ತಿಕೊಂಡು ಬಂದರು. ಮಾವ ತೀರಿಕೊಂಡಿದ್ದರು, ಆಮೇಲೆ ಗಂಡನೂ ತೀರಿಕೊಂಡಿದ್ದರು. ಮಾವನ ಹೆಸರಿನಲ್ಲೇ ಉಳಿದಿದ್ದ ಎರಡು ಎಕರೆ ಚಿಲ್ಲರೆ ಜಮೀನಿಗೆ ಮೈದುನ ಪೌತಿ ಖಾತೆಗೆ ಅರ್ಜಿ ಹಾಕಿದ್ದ. ಅರ್ಜಿಯ ಜೊತೆ ಕೊಟ್ಟ ವಂಶವೃಕ್ಷದಲ್ಲಿ ಅಣ್ಣನ ಕವಲೇ ಇರಲಿಲ್ಲ. ಆಕೆಗೆ ಮದುವೆಯಾಗದ ಒಬ್ಬ ಮಗಳಿದ್ದಳು.

“ಯಜಮಾನ್ರ ಮರಣ ಪತ್ರ ತಂದಿದ್ದೀರೇನಮ್ಮಾ?” ಮೇಜಿನ ಆಚೆ ಕೂತಿದ್ದ ಕಾನೂನು ಸ್ವಯಂಸೇವಕ ಕೇಳಿದರು.

“ಅದ್ಯಾತಕ್ಕೆ ಸ್ವಾಮಿ? ಅವ್ರು ಹೋಗಿದ್ದು ಊರಿಗೇ ಗೊತ್ತಲ್ಲ.”

ಊರಿಗೆ ಗೊತ್ತಿರುವುದು ಕಚೇರಿಗೂ ಗೊತ್ತಾಗಬೇಕಾದರೆ ಏನೇನು ಬೇಕು ಎಂದು ಆತ ತಾಳ್ಮೆಯಿಂದ ಹೇಳಿದರು. ಬಿಳಿ ಹಾಳೆಯ ಮೇಲೆ ಅರ್ಧ ಪುಟದ ತಕರಾರು ಅರ್ಜಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. “ಇದನ್ನ ಈವತ್ತೇ ಕೊಡಿ. ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಂಡು ಇನ್ನೊಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ. ಸೀಲು ಇಲ್ಲದೆ ಬರಬೇಡಿ” ಎಂದರು. ಎಲ್ಲ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ತಕರಾರು ಬಿದ್ದ ಮೇಲೆ ಖಾತೆ ತಾನಾಗಿ ಬದಲಾಗುವುದಿಲ್ಲ, ಅದು ವಿವಾದದ ಪ್ರಕರಣವಾಗಿ ತಹಶೀಲ್ದಾರರ ಮುಂದೆ ವಿಚಾರಣೆಗೆ ಹೋಗುತ್ತದೆ.

ಆಕೆ ಒಂದು ವರ್ಷ ತಡವಾಗಿ ಬಂದಿದ್ದರೆ? ಪಹಣಿ ಮೈದುನನ ಹೆಸರಿಗೆ ಬಂದಿರುತ್ತಿತ್ತು. ಆತ ಅದರ ಮೇಲೆ ಸಾಲ ಎತ್ತಿರುತ್ತಿದ್ದ ಅಥವಾ ಜಮೀನನ್ನೇ ಮಾರಿರುತ್ತಿದ್ದ. ಆಗ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ, ಕೊಂಡವನ ಮೇಲೆ ತಡೆಯಾಜ್ಞೆ, ಅದರ ಮೇಲೊಂದು ಅಪೀಲು. ಬೆಳಿಗ್ಗೆ ಒಂದು ಹಾಳೆಯಲ್ಲಿ ನಿಂತ ವಿಷಯ ಒಂದು ತಲೆಮಾರನ್ನೇ ತಿನ್ನುತ್ತಿತ್ತು. ಸಿವಿಲ್ ವ್ಯಾಜ್ಯದಲ್ಲಿ ಬಡವರಿಗೆ ಸಿಗುವ ಕಾನೂನು ನೆರವಿಗೆ ಸರ್ಕಾರ ಹಣ ಹಾಕುವುದರಿಂದ ಸಮಾಜಕ್ಕೇನು ಲಾಭ ಎಂದು ಕೇಳುವವರಿಗೆ ಆ ಇಪ್ಪತ್ತು ನಿಮಿಷಗಳಿಂದಲೇ ಮಾತು ಶುರುಮಾಡಬೇಕು ಅನ್ನಿಸುತ್ತದೆ.

ನಮ್ಮಲ್ಲಿ ಈ ನೆರವಿಗೆ ಸಂವಿಧಾನದ ಬಲವಿದೆ. 1976ರ 42ನೇ ತಿದ್ದುಪಡಿಯಿಂದ ಬಂದ 39ಎ ವಿಧಿ, ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎನ್ನುತ್ತದೆ. ಅದರ ಹಿಂದೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಭಗವತಿ ಅವರ ಸಮಿತಿಗಳು ಎಪ್ಪತ್ತರ ದಶಕದಲ್ಲಿ ಮಾಡಿದ ಕೆಲಸವಿದೆ. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1987ರಲ್ಲಿ ಬಂತು. ಅದು ಜಾರಿಯಾಗಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು. ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರ, ಕೆಳಗೆ ಜಿಲ್ಲೆ, ತಾಲ್ಲೂಕು. ಇದು ಕಡುಬಡವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇನ್ನೂ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೀತಕ್ಕೆ ಸಿಕ್ಕಿದವರು, ಬರ ಮತ್ತು ನೆರೆಯಲ್ಲಿ ನೊಂದವರು ಇವರಿಗೆ ಆದಾಯದ ಮಿತಿಯನ್ನೇ ಕಾನೂನು ಕೇಳುವುದಿಲ್ಲ. ವಕೀಲರ ಶುಲ್ಕದ ಜೊತೆಗೆ ಕೋರ್ಟು ಶುಲ್ಕ, ದಾಖಲೆಯ ನಕಲು, ಅನುವಾದದ ಖರ್ಚೂ ಅದರಲ್ಲಿ ಸೇರಿದೆ.

ಇಷ್ಟಿದ್ದರೂ ಕಾನೂನು ನೆರವು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಜೈಲು. ಅದಕ್ಕೆ ಕಾರಣವೂ ಇದೆ. 1979ರ ಹುಸೈನಾರಾ ಖಾತೂನ್ ಪ್ರಕರಣ ಬಿಹಾರದ ವಿಚಾರಣಾಧೀನ ಕೈದಿಗಳ ಗೋಳನ್ನು ದೇಶಕ್ಕೆ ತೋರಿಸಿತು. 2022ರಲ್ಲಿ ಬಂದ ಹೊಸ ವ್ಯವಸ್ಥೆಯಲ್ಲೂ ಪೂರ್ಣಾವಧಿ ಕಾನೂನು ನೆರವು ವಕೀಲರನ್ನು ನೇಮಿಸಿದ್ದು ಕ್ರಿಮಿನಲ್ ಪ್ರಕರಣಗಳಿಗೇ. ಒಬ್ಬನ ಸ್ವಾತಂತ್ರ್ಯವೇ ಹೋಗುವಾಗ ಅದು ಸರಿಯಾದ ಆದ್ಯತೆ, ನನ್ನ ತಕರಾರಿಲ್ಲ. ಆದರೆ ಸಿವಿಲ್ ವ್ಯಾಜ್ಯದಲ್ಲಿ ಯಾರೂ ಬೇಡಿ ಹಾಕಿಕೊಂಡು ಹೋಗುವುದಿಲ್ಲ. ಜೀವನಾಂಶ ಬಾರದ ತಿಂಗಳುಗಳು, ಕೈತಪ್ಪಿದ ಪಾಲು, ನಿಂತುಹೋದ ಪಿಂಚಣಿ, ಮುಂಗಡ ವಾಪಸು ಕೊಡದೆ ಮನೆ ಖಾಲಿ ಮಾಡಿಸುವ ಮಾಲೀಕ. ಇವೆಲ್ಲ ಸದ್ದಿಲ್ಲದೆ ಸವೆಸುವ ನಷ್ಟಗಳು, ಪತ್ರಿಕೆಯ ಸುದ್ದಿಯಾಗುವುದಿಲ್ಲ. ಅದಕ್ಕೇ ಹಣ ಹಂಚುವವರ ಕಣ್ಣಿಗೂ ಬೀಳುವುದಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮಲ್ಲಿ ಹಾಗೆ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಲೆಕ್ಕವೂ ಸಿಗುತ್ತದೆ. ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, ಸಿವಿಲ್ ದಾವೆಯ ಕಕ್ಷಿದಾರ ಒಂದು ವಾಯಿದೆಗೆ ಹೋಗಿ ಬರಲು ಸರಾಸರಿ 497 ರೂಪಾಯಿ ಖರ್ಚು ಮಾಡುತ್ತಿದ್ದ, ಅದರ ಮೇಲೆ ಆ ದಿನದ ದುಡಿಮೆಯಲ್ಲಿ 844 ರೂಪಾಯಿ ಕಳೆದುಕೊಳ್ಳುತ್ತಿದ್ದ. ಸಿವಿಲ್ ದಾವೆಗಳಲ್ಲಿ ಶೇಕಡಾ 66ರಷ್ಟು ಜಮೀನು, ಆಸ್ತಿಗೆ ಸಂಬಂಧಿಸಿದವು. ವಕೀಲರ ಫೀಸು ಇದಕ್ಕೆ ಬೇರೆ. ಕೂಲಿಯವನಿಗೆ ಕೋರ್ಟಿನಲ್ಲಿ ಅತಿ ದುಬಾರಿ ವಸ್ತುವೆಂದರೆ ಮುಂದಿನ ವಾಯಿದೆ.

ಕೋರ್ಟು ಶುಲ್ಕದ ಕಥೆ ಇನ್ನೂ ವಿಚಿತ್ರ. ಕರ್ನಾಟಕದ 1958ರ ಕೋರ್ಟು ಶುಲ್ಕ ಕಾಯಿದೆಯಂತೆ, ಕುಟುಂಬದ ಆಸ್ತಿ ಎಲ್ಲರ ಜಂಟಿ ಸ್ವಾಧೀನದಲ್ಲಿದೆ ಎಂದು ಪಾಲು ಕೇಳಿದರೆ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ತನ್ನನ್ನು ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ಬರೆದುಬಿಟ್ಟರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ತವರಿನಲ್ಲಿ ಪಾಲು ಕೇಳುವ ಮದುವೆಯಾದ ಹೆಣ್ಣುಮಗಳ ಮಟ್ಟಿಗೆ, ಆಕೆಯ ಸ್ಥಿತಿಗೆ ಕಾನೂನು ಯಾವ ಹೆಸರು ಕೊಡುತ್ತದೆ ಎಂದು ತಿಳಿದು ವಾದಪತ್ರ ಬರೆಯುವವರು ಸಿಕ್ಕರೋ ಇಲ್ಲವೋ ಎಂಬುದು ಸಾವಿರಾರು ರೂಪಾಯಿಯ ಪ್ರಶ್ನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕರಾಗಿ ಶುಲ್ಕವಿಲ್ಲದೆ ದಾವೆ ಹೂಡಬಹುದು, ನಿಜ. ಆದರೆ ಶುಲ್ಕ ಕಟ್ಟಲು ತಕ್ಕಷ್ಟು ಗತಿಯಿಲ್ಲ ಎಂಬುದರ ವಿಚಾರಣೆಯೇ ಅಲ್ಲಿ ಒಂದು ಪುಟ್ಟ ದಾವೆ.

ಈಗ ಸಮುದಾಯದ ಮಾತಿಗೆ ಬರೋಣ. ಒಬ್ಬ ವಿಧವೆಯ ಪಹಣಿ ಉಳಿದರೆ ಊರಿಗೇನಾಯಿತು? ಪಹಣಿಯಲ್ಲಿ ಹೆಸರಿದ್ದರೆ ಸಹಕಾರ ಸಂಘದಲ್ಲಿ ಬೆಳೆ ಸಾಲ ಸಿಗುತ್ತದೆ, ಬೆಳೆ ವಿಮೆ ಸಿಗುತ್ತದೆ, ಬರ ಬಂದರೆ ಪರಿಹಾರ ಖಾತೆಗೆ ಬರುತ್ತದೆ. ಇಲ್ಲದಿದ್ದರೆ ಆಕೆ ಕೈಸಾಲದವರ ಬಾಗಿಲಿಗೆ ಹೋಗುತ್ತಾರೆ. ವ್ಯಾಜ್ಯದ ಜಮೀನಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ಬದು ಕಟ್ಟುವುದಿಲ್ಲ, ತೆಂಗಿನ ಸಸಿ ನೆಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಲಂಟಾನ ಬೆಳೆದು ಬೀಳುಬಿದ್ದ ಹೊಲ ಕಂಡರೆ ಅದರ ಹಿಂದೆ ಒಂದು ದಾವೆಯ ನಂಬರು ಇರುವುದು ಅಪರೂಪವಲ್ಲ. ಆ ಹೊಲದಲ್ಲಿ ಕಳೆ ಕೀಳಲು ಹೋಗಬೇಕಾಗಿದ್ದವರ ಕೂಲಿಯೂ ಹೋಯಿತು. ಎರಡು ಮನೆಯ ಜಗಳಕ್ಕೆ ಸಾಕ್ಷಿ ಹೇಳಲು ಹೋದವರು ಎರಡು ಪಕ್ಷವಾಗುತ್ತಾರೆ, ಊರ ಹಬ್ಬದಲ್ಲಿ ಎರಡು ಪಂಕ್ತಿಯಾಗುತ್ತದೆ. ಒಂದು ದಿನ ಬದುವಿನ ಹತ್ತಿರ ಮಾತಿಗೆ ಮಾತು ಬೆಳೆದು ಕುಡುಗೋಲು ಎದ್ದರೆ, ಸಿವಿಲ್ ವ್ಯಾಜ್ಯ ಕ್ರಿಮಿನಲ್ ಆಗುತ್ತದೆ. ಆಗ ಪೊಲೀಸರು, ಆಸ್ಪತ್ರೆ, ಜೈಲು ಎಲ್ಲದಕ್ಕೂ ಸರ್ಕಾರ ಚೌಕಾಶಿಯಿಲ್ಲದೆ ಖರ್ಚು ಮಾಡುತ್ತದೆ.

ಆ ಖರ್ಚಿನ ಪ್ರಮಾಣ ನೋಡಿ. 2025ರ ಭಾರತ ನ್ಯಾಯ ವರದಿಯ ಪ್ರಕಾರ ದೇಶದಲ್ಲಿ ತಲಾ ಒಬ್ಬರಿಗೆ ವರ್ಷಕ್ಕೆ ಪೊಲೀಸ್ ವ್ಯವಸ್ಥೆಗೆ 1,275 ರೂಪಾಯಿ ಖರ್ಚಾಗುತ್ತದೆ, ಕಾನೂನು ನೆರವಿಗೆ 6 ರೂಪಾಯಿ. ಅದೇ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಸಿಕ್ಕಿದೆ, ಅದು ನಮಗೆ ಹೆಮ್ಮೆಯ ವಿಷಯ. ಆದರೆ ವರದಿಯಲ್ಲಿ ನನ್ನನ್ನು ಕಾಡಿದ್ದು ಮತ್ತೊಂದು ಅಂಕಿ: 2019ರಿಂದ 2024ರ ನಡುವೆ ದೇಶದಲ್ಲಿ ಕಾನೂನು ಸ್ವಯಂಸೇವಕರ ಸಂಖ್ಯೆ ಶೇಕಡಾ 38ರಷ್ಟು ಕುಸಿದಿದೆ. ಅರ್ಧ ಪುಟದ ತಕರಾರು ಅರ್ಜಿ ಬರೆದುಕೊಟ್ಟರಲ್ಲ, ಅವರೇ ಆ ಸ್ವಯಂಸೇವಕರು.

ಹಾಕಿದ ಹಣ ಎಷ್ಟು ಮರಳಿ ಬರುತ್ತದೆ ಎಂದು ಲೆಕ್ಕ ಹಾಕಲು ಹೊರಟವರಲ್ಲಿ ಬ್ರಿಟನ್ನಿನವರು ಮುಂದು. ಅಲ್ಲಿ 1949ರಿಂದಲೇ ಕಾನೂನು ನೆರವಿನ ಕಾಯಿದೆ ಇದೆ. ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2010ರಲ್ಲಿ ಕೊಟ್ಟ ಅಂದಾಜಿನಂತೆ, ವಸತಿ ವ್ಯಾಜ್ಯಗಳ ಸಲಹೆಗೆ ಒಂದು ಪೌಂಡ್ ಹಾಕಿದರೆ ಸರ್ಕಾರಕ್ಕೆ 2.34 ಪೌಂಡ್ ಉಳಿಯುತ್ತದೆ, ಸಾಲದ ತೊಂದರೆಯಲ್ಲಿ 2.98, ಉದ್ಯೋಗದ ವಿಷಯದಲ್ಲಿ 7.13, ಸರ್ಕಾರಿ ಸೌಲಭ್ಯಗಳ ವಿಷಯದಲ್ಲಿ 8.80. ಮನೆ ಕಳೆದುಕೊಂಡವನಿಗೆ ಸರ್ಕಾರವೇ ಮನೆ ಕೊಡಬೇಕು, ಕೆಲಸ ಹೋದವನಿಗೆ ಭತ್ಯೆ ಕೊಡಬೇಕು. ಹಾಗಾಗಿ ಮೊದಲೇ ತಡೆದರೆ ಬೊಕ್ಕಸಕ್ಕೆ ಲಾಭ. ಇಷ್ಟು ಲೆಕ್ಕವಿದ್ದರೂ 2012ರ ಕಾಯಿದೆಯ ಮೂಲಕ ಅವರು 2013ರ ಏಪ್ರಿಲ್‌ನಿಂದ ಕೌಟುಂಬಿಕ ವ್ಯಾಜ್ಯ, ಸಾಲ, ಉದ್ಯೋಗ, ಸೌಲಭ್ಯಗಳ ಬಹುಪಾಲು ನೆರವನ್ನು ಕತ್ತರಿಸಿದರು. ಕುಟುಂಬ ನ್ಯಾಯಾಲಯಗಳಲ್ಲಿ ಎರಡೂ ಕಡೆ ವಕೀಲರಿಲ್ಲದ ಪ್ರಕರಣಗಳು ಏರಿದವು. ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ನ್ಯೂಯಾರ್ಕ್ ನಗರ. ಮನೆ ಖಾಲಿ ಮಾಡಿಸುವ ಪ್ರಕರಣಗಳಲ್ಲಿ ಬಡ ಬಾಡಿಗೆದಾರರಿಗೆ ವಕೀಲರನ್ನು ಕೊಡುವ ಕಾಯಿದೆಯನ್ನು ಅದು 2017ರಲ್ಲಿ ಮಾಡಿತು. ಮೊದಲ ವರ್ಷಗಳ ನಗರಾಡಳಿತದ ವರದಿಗಳಲ್ಲಿ, ಹೀಗೆ ವಕೀಲರು ಸಿಕ್ಕವರ ಪೈಕಿ ಶೇಕಡಾ 84ರಷ್ಟು ಮಂದಿ ತಮ್ಮ ಮನೆಯಲ್ಲೇ ಉಳಿದರು.

ಆ ಲೆಕ್ಕವನ್ನು ಹಾಗೇ ತಂದು ನಮ್ಮ ವಿಧಾನಸೌಧದ ಮುಂದಿಟ್ಟರೆ ತಪ್ಪಾಗುತ್ತದೆ. ನಮ್ಮಲ್ಲಿ ಮನೆ ಹೋದವರನ್ನು ಸಾಕುವುದು ಸರ್ಕಾರವಲ್ಲ, ಅಕ್ಕನ ಮನೆ, ಸೋದರಮಾವನ ಮನೆ. ಜೀವನಾಂಶ ಸಿಗದ ಮಗಳನ್ನು ಸಾಕುವುದು ವಯಸ್ಸಾದ ತಾಯಿಯ ಪಿಂಚಣಿ. ಕಾನೂನು ನೆರವಿನಿಂದ ಉಳಿಯುವ ಹಣ ಇಲ್ಲಿ ಖಜಾನೆಯ ಪುಸ್ತಕದಲ್ಲಿ ಕಾಣುವುದಿಲ್ಲ, ಬಡ ಬಂಧುಗಳ ಅಡುಗೆಮನೆಯಲ್ಲಿ ಕಾಣುತ್ತದೆ. ಖಜಾನೆಗೆ ಕಾಣದ್ದನ್ನು ಲಾಭವೇ ಅಲ್ಲ ಎಂದುಕೊಂಡಿದ್ದರಿಂದಲೇ ನಾವು ಆರು ರೂಪಾಯಿಯಲ್ಲಿ ನಿಂತಿದ್ದೇವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ನೆರವು ಕೊಟ್ಟರೆ ಮನೆ ಒಡೆಯುತ್ತದೆ, ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಮೇಲೆ ದಾವೆ ಹೂಡುತ್ತಾರೆ ಎಂಬ ಆಕ್ಷೇಪ ಹಳೆಯದು. ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದು 1994ರಲ್ಲಿ, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಇಷ್ಟು ದೂರ ನಡೆದು ಬಂದರೂ ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಏನು ನಡೆಯುತ್ತದೆಂದು ನಮಗೆಲ್ಲ ಗೊತ್ತು. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ದುಡ್ಡು, ಒಂದು ಸೀರೆ, ಹಕ್ಕು ಖುಲಾಸೆ ಪತ್ರಕ್ಕೆ ಒಂದು ಸಹಿ. ನನ್ನ ಚಿಕ್ಕಮ್ಮ ಹಾಗೇ ಸಹಿ ಮಾಡಿದವರು. ಏನು ಬರೆದಿದ್ದಾರೆಂದು ಓದಿದಿರಾ ಎಂದು ಕೇಳಿದ್ದಕ್ಕೆ, “ಅಣ್ಣ ಪೆನ್ನು ಕೊಟ್ಟಾಗ ಓದೋದು ಹೆಂಗಪ್ಪಾ?” ಎಂದಿದ್ದರು. ಅಂಥ ಹೊತ್ತಿನಲ್ಲಿ ಬೇಕಾಗಿರುವುದು ದಾವೆಯಲ್ಲ, ಸಹಿಗೆ ಮುಂಚೆ ಪಕ್ಕಕ್ಕೆ ಕರೆದು, “ಅಕ್ಕಾ, ಇದಕ್ಕೆ ಸಹಿ ಹಾಕಿದರೆ ಇನ್ನು ಕೇಳುವ ಹಾಗಿಲ್ಲ, ಗೊತ್ತಿದೆ ತಾನೆ?” ಎನ್ನುವ ಒಬ್ಬರು. ತಿಳಿದೂ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಹಾಗೆ ಬಿಟ್ಟುಕೊಟ್ಟ ಮನೆಗಳಲ್ಲಿ ತವರಿನ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ತಿಳಿಯದೆ ಬಿಟ್ಟು ಆಮೇಲೆ ತಿಳಿದ ಮನೆಗಳಲ್ಲಿ ಕಂಡಿದ್ದೇನೆ.

ವಯಸ್ಸಾದವರ ದಾನಪತ್ರವೂ ಇದೇ ದಾರಿಯದು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಪ್ರಕರಣದಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದ ಮಕ್ಕಳಿಂದ ವಾಪಸು ಪಡೆಯಬಹುದು. ಆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಪತ್ರದಲ್ಲಿ ಒಂದು ಸಾಲು ಬರೆಸಿದ್ದರೆ ಸಾಕಾಗಿತ್ತು, ಅದನ್ನು ಬರೆಸಿ ಎನ್ನುವವರು ಆ ದಿನ ಜೊತೆಯಲ್ಲಿರಲಿಲ್ಲ.

ವಕೀಲರನ್ನೇ ದೂರವಿಟ್ಟು ಬಡವರಿಗೆ ನ್ಯಾಯ ಕೊಡಲು ನಮ್ಮ ರಾಜ್ಯ ಒಮ್ಮೆ ಹೊರಟಿತ್ತು. ದೇವರಾಜ ಅರಸು ಕಾಲದ ಭೂಸುಧಾರಣೆ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ. ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಬೇಕಿತ್ತು, ಭೂನ್ಯಾಯ ಮಂಡಳಿ ವಿಚಾರಣೆ ಮಾಡುತ್ತಿತ್ತು, ವಕೀಲರು ಹಾಜರಾಗುವ ಹಾಗಿಲ್ಲ ಎಂದು ಕಾಯಿದೆಯಲ್ಲೇ ಇತ್ತು. ದೊಡ್ಡ ಫೀಸು ಕೊಟ್ಟ ಒಡೆಯನ ವಕೀಲರ ಮುಂದೆ ಗೇಣಿದಾರ ಬಾಯಿ ಬಿಡಲಾರ ಎಂಬ ಕಾಳಜಿಯಿಂದ ಹುಟ್ಟಿದ ನಿಯಮ ಅದು, ಅದರಿಂದ ಲಕ್ಷಾಂತರ ಕುಟುಂಬಗಳಿಗೆ ಭೂಮಿ ಸಿಕ್ಕಿತು. ಆದರೂ 7ನೇ ನಮೂನೆಯನ್ನು ಹೊತ್ತಿಗೆ ಸರಿಯಾಗಿ ಹಾಕಿದವರು ಯಾರೆಂದು ಹಳ್ಳಿಗಳಲ್ಲಿ ಕೇಳಿ. ಬರೆದುಕೊಟ್ಟ ಮೇಷ್ಟರ ಹೆಸರು, ರೈತ ಸಂಘಟನೆಯವನ ಹೆಸರು ಹೇಳುತ್ತಾರೆ. ಅಂಥವರಿಲ್ಲದ ಊರುಗಳಲ್ಲಿ ಒಡೆಯನ ಮಾತು ನಂಬಿ ಅರ್ಜಿ ಹಾಕದೆ ಉಳಿದವರ ಮೊಮ್ಮಕ್ಕಳು ಇಂದಿಗೂ ಅದನ್ನು ಹೇಳಿಕೊಂಡು ಕೊರಗುತ್ತಾರೆ. ವಕೀಲರು ಬೇಡವಾಗಬಹುದು, ನೆರವು ಬೇಡವಾಗುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆಯಲ್ಲೂ ಇದೇ ಆಯಿತು. ಬಹಳ ತಡವಾಗಿ ಅರ್ಜಿ ಹಾಕಿದಿರಿ ಎಂದು 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪಿನ ನಂತರ ಎಷ್ಟೋ ಪ್ರಕರಣಗಳು ಬಿದ್ದುಹೋದವು, ಕಾಲಮಿತಿ ತೆಗೆಯಲು 2023ರಲ್ಲಿ ಕಾಯಿದೆಯನ್ನೇ ತಿದ್ದಬೇಕಾಯಿತು. ತಡವಾದದ್ದೇಕೆ ಎಂದು ಯಾರಾದರೂ ಕೇಳಿದ್ದರೆ, ಹಕ್ಕಿದೆ ಎಂದು ಹೇಳುವವರೇ ಅವರ ಕೇರಿಗೆ ಬಂದಿರಲಿಲ್ಲ ಎಂಬ ಉತ್ತರ ಸಿಗುತ್ತಿತ್ತು.

ಲೋಕ ಅದಾಲತ್ ಬಗ್ಗೆ ನನ್ನ ಮನಸ್ಸು ಎರಡಾಗಿದೆ. 1982ರಲ್ಲಿ ಗುಜರಾತಿನ ಊನಾದಲ್ಲಿ ಮೊದಲ ಅದಾಲತ್ ನಡೆಯಿತು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ವಾಹನ ಅಪಘಾತದ ಪರಿಹಾರ ವರ್ಷಗಟ್ಟಲೆ ಕಾಯದೆ ಕೈಗೆ ಬಂದ ಕುಟುಂಬಗಳನ್ನು ಕಂಡಾಗ ಇದು ಎಷ್ಟು ದೊಡ್ಡ ಉಪಕಾರ ಎಂದು ತಿಳಿಯುತ್ತದೆ. ಆದರೆ ಸಂಜೆ ಪ್ರಕಟವಾಗುವ ಲಕ್ಷಗಳ ಲೆಕ್ಕದಲ್ಲಿ ಸಂಚಾರ ದಂಡವೂ ಸೇರಿರುತ್ತದೆ, ಬ್ಯಾಂಕುಗಳ ಸಾಲ ವಸೂಲಿಯೂ ಸೇರಿರುತ್ತದೆ. ಪಾಲಿನ ದಾವೆಯ ಹೆಂಗಸು ಅಣ್ಣತಮ್ಮಂದಿರ ಮುಖ ನೋಡಿ, ಇನ್ನು ಓಡಾಡಲಾರೆ ಎಂದು ಸುಸ್ತಾಗಿ ಒಪ್ಪಿಕೊಂಡದ್ದು ಅದೇ ಪಟ್ಟಿಯಲ್ಲಿ ಮತ್ತೊಂದು ಇತ್ಯರ್ಥ. ಆ ಮೇಜಿನ ಮುಂದೆ ಆಕೆಯ ಪಕ್ಕದಲ್ಲಿ ಆಕೆಯ ವಕೀಲರು ನಿಜವಾಗಿ ಕೂತಿದ್ದರೆ ಮಾತ್ರ ಅದು ರಾಜಿ. ಕಾನೂನು ಸೇವಾ ಸಮಿತಿಯ ಪ್ಯಾನಲ್ ವಕೀಲರಿಗೆ ಒಂದು ಪ್ರಕರಣಕ್ಕೆ ಸಿಗುವುದು ಹೊರಗಿನ ಫೀಸಿನ ಒಂದು ಚೂರು, ಅದೂ ತಡವಾಗಿ. ಅಷ್ಟರಲ್ಲೇ ಶ್ರದ್ಧೆಯಿಂದ ನಡೆಸುವವರನ್ನು ನಾನು ಬಲ್ಲೆ. ಅವರ ಶ್ರದ್ಧೆಯ ಮೇಲೆಯೇ ಒಂದು ವ್ಯವಸ್ಥೆ ಎಷ್ಟು ಕಾಲ ನಿಲ್ಲಬೇಕು? ಹೆಚ್ಚು ಹಣ ಬೇಕಾಗಿರುವ ಜಾಗ ಇದೊಂದು, ಸ್ವಯಂಸೇವಕರ ದಿನಭತ್ಯೆ ಇನ್ನೊಂದು. ನಾಡಕಚೇರಿಯಲ್ಲೂ ಉಪನೋಂದಣಾಧಿಕಾರಿ ಕಚೇರಿಯಲ್ಲೂ ವಾರಕ್ಕೆರಡು ದಿನವಾದರೂ ಅವರು ಕೂರುವಂತಾಗಬೇಕು.

ಮೂರನೆಯದು ಡಿಕ್ರಿಯ ನಂತರದ ಕಾಲ. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ನಿನಗೆ ಮೂರರಲ್ಲಿ ಒಂದು ಭಾಗ ಎನ್ನುವ ಕಾಗದ. ಯಾವ ಮೂಲೆಯ ಮೂರರಲ್ಲೊಂದು ಎಂದು ಗೊತ್ತಾಗಲು ಅಂತಿಮ ಡಿಕ್ರಿಯ ನಡಾವಳಿ ಬೇಕು. ಬಹಳ ಮಂದಿ ಮೊದಲ ಕಾಗದ ಹಿಡಿದು ಗೆದ್ದೆವೆಂದು ಮನೆಗೆ ಹೋಗಿ, ಹತ್ತು ವರ್ಷದ ಮೇಲೆ ಅದನ್ನು ಹಿಡಿದೇ ಬರುತ್ತಾರೆ. ಪ್ರಾಥಮಿಕ ಡಿಕ್ರಿ ಆದ ಮೇಲೆ ಹೊಸ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ನಿರ್ದೇಶಿಸಿತು. ಅದಕ್ಕೂ ಹಿಂದೆ, ಬೆಂಗಳೂರಿನ ಆಸ್ತಿಯೊಂದರಿಂದ ಎದ್ದ 2021ರ ರಾಹುಲ್ ಶಾ ಪ್ರಕರಣದಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಿ ಎಂದಿತ್ತು. ಜೀವನಾಂಶದ ಆದೇಶವಾಗಿ ಒಂದು ಕಂತೂ ಬಾರದ ಹೆಂಗಸಿಗೆ ಅಮಲ್ಜಾರಿ ಅರ್ಜಿಯೆಂದರೆ ಮತ್ತೆ ಹೊಸ ನಂಬರು, ಹೊಸ ನೋಟಿಸು, ಗಂಡನ ವಿಳಾಸ ಹುಡುಕುವ ಹೊಸ ಓಡಾಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಆಕೆ ಕೋರ್ಟಿಗೆ ಚಾರ್ಜಿಲ್ಲದೆ ಬರಬಹುದು, ಅದು ಸಣ್ಣ ಮಾತಲ್ಲ. ಬಸ್ಸಿಳಿದ ಮೇಲೆ ಜೊತೆಗೆ ನಡೆಯುವವರು ಬೇಕು.

ಕಳೆದ ಬೇಸಿಗೆಯಲ್ಲಿ ಒಂದು ಹೊಲಕ್ಕೆ ಹೋಗಿದ್ದೆ. ಅಂತಿಮ ಡಿಕ್ರಿಯಂತೆ ಸರ್ವೆಯವರು ಅಳತೆಗೆ ಬಂದಿದ್ದರು. ದಾವೆ ಹೂಡಿದಾಕೆ ತೀರಿಕೊಂಡಿದ್ದರು, ಬಂದಿದ್ದವಳು ಮಗಳು. ಕಾನೂನು ಸೇವಾ ಸಮಿತಿಯ ವಕೀಲರು ಬಿಸಿಲಿನಲ್ಲಿ ಡಿಕ್ರಿಯ ನಕಲು ಹಿಡಿದು ನಿಂತಿದ್ದರು. ಸರಪಳಿ ಎಳೆದು, ನಕಾಶೆ ನೋಡಿ, ಮೂರು ಕಡೆ ಕಲ್ಲು ನೆಟ್ಟರು. ನಾಲ್ಕನೆಯ ಕಲ್ಲು ಲಂಟಾನದ ಪೊದೆಯೊಳಗೆ ಬರುತ್ತಿತ್ತು. ಎದುರು ಪಾರ್ಟಿಯ ಸೋದರಮಾವ ಏನೂ ಮಾತಾಡದೆ ಮಚ್ಚು ತಂದು ಪೊದೆ ಸವರಿಕೊಟ್ಟರು. “ಇಲ್ಲೇ ನೆಡ್ರಪ್ಪಾ” ಎಂದರು. ಆ ಹುಡುಗಿ ಕಲ್ಲಿನ ಬುಡಕ್ಕೆ ಮಣ್ಣು ಒತ್ತಿ, ಕೈ ಕೊಡವಿಕೊಂಡು, ಈ ಮಳೆಗೆ ರಾಗಿ ಹಾಕಬಹುದಾ ಮಾವ ಎಂದು ಕೇಳಿದಳು.